ಸರ್ ರೊನಾಲ್ಡ್ ರಾಸ್: ಕಲಿತು ಕಲಿಸಿದ ವೈದ್ಯರ ಜೀವನ ಪರಿಚಯ

ಪೀಠಿಕೆ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಚಳಿಜ್ವರವು ಹೊಸ ಕಾಯಿಲೆಯಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಭೂಭಾಗದಲ್ಲಿ ಹಿಂದಿನ ತಲೆಮಾರುಗಳವರು ಮಳೆಗಾಲ ಮುಗಿಯುತ್ತಿದ್ದಂತೆ ಬರುವ ಜ್ವರವನ್ನು ಕೆಟ್ಟ ಗಾಳಿಯ ಫಲವೆಂದೋ, ಕೆಟ್ಟ ನೀರಿನ ಫಲವೆಂದೋ ತಿಳಿದಿದ್ದರು. ವೈದ್ಯಶಾಸ್ತ್ರವನ್ನು ಓದಿದವರ ತಿಳಿವಳಿಕೆಯೂ ಬಹುಕಾಲ ಇದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ ಎಂಬುದಾಗಿದೆ.

ಈ ಜ್ವರವು ಸೊಳ್ಳೆಯ ಮೂಲಕ ಹರಡುತ್ತದೆಂಬ ಸತ್ಯಕ್ಕೆ ಮೊದಲ ಗಟ್ಟಿ ಸಾಕ್ಷ್ಯವು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ದೊರೆಯಿತು. ಅಂದು ಸಿಕಂದರಾಬಾದ್ ದಂಡು ಪ್ರದೇಶವು ಹೈದರಾಬಾದ್ ನಿಜಾಮರ ಸಂಸ್ಥಾನದ ಗಡಿಯೊಳಗಿತ್ತು. ಯಾದಗಿರಿ, ಶಹಾಪುರ ಹಾಗೂ ಸುರಪುರಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಆ ಸಾಕ್ಷ್ಯವನ್ನು ಕಂಡವರು ಸರ್ ರೊನಾಲ್ಡ್ ರಾಸ್. ಅವರ ಸೇವಾವಧಿಯ ಹಲವು ದಿನಗಳು ಬೆಂಗಳೂರಿನಲ್ಲಿಯೂ ಕಳೆದಿವೆ.

ರಾಸ್ ಅವರನ್ನು ಸಂಶೋಧಕರೆಂದು ಎಲ್ಲರೂ ಬಲ್ಲರು. ಪದವಿ ಪಡೆದ ನಂತರವೂ ತಮಗೆ ಏನು ತಿಳಿಯದು ಎಂಬುದನ್ನು ಗುರುತಿಸಿಕೊಂಡು, ಅದನ್ನು ಕಲಿತು, ಕೊನೆಗೆ ಇತರ ವೈದ್ಯರಿಗೆ ಕಲಿಸುವ ಅಧ್ಯಾಪಕರಾದರೆಂಬುದು ಅಷ್ಟಾಗಿ ತಿಳಿದಿಲ್ಲ. ವೈದ್ಯಕೀಯ ಕಾಲೇಜುಗಳ ಬೋಧಕರಿಗೆ ಯಾವ ತರಬೇತಿ ಬೇಕೆಂಬ ಪ್ರಶ್ನೆಗೆ ಅವರ ಜೀವನವು ಒಂದು ಉತ್ತಮ ಉದಾಹರಣೆಯಾಗಿರುವುದರಿಂದ ಸಾರ್ವಜನಿಕರ ಮಾಹಿತಿಗಾಗಿ ಅದನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರೊನಾಲ್ಡ್ ರಾಸ್ ಅವರು 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ಅವರ ತಂದೆ ಕ್ಯಾಂಪ್‌ಬೆಲ್ ರಾಸ್ ಭಾರತದ ಸೇನೆಯಲ್ಲಿ ಅಧಿಕಾರಿಯಾಗಿದ್ದು, ಮುಂದೆ ಜನರಲ್ ಹುದ್ದೆಯವರೆಗೆ ಏರಿದರು. ಹತ್ತು ಮಕ್ಕಳಲ್ಲಿ ರೊನಾಲ್ಡ್ ಅವರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಬಂಧುಗಳ ಆಶ್ರಯದಲ್ಲಿ ಓದಲೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು.

ಬಾಲಕನ ಒಲವು ಕಾವ್ಯ, ಸಂಗೀತ, ಚಿತ್ರಕಲೆ ಮತ್ತು ಗಣಿತದ ಕಡೆಗಿತ್ತು. ಮಗನು ಭಾರತದ ವೈದ್ಯಕೀಯ ಸೇವೆಗೆ ಸೇರಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ತಂದೆಯ ಮಾತಿನಂತೆ 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ರಾಸ್ ಸೇರಿದರಾದರೂ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. 1879ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಔಷಧ ವೈದ್ಯರ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣರಾದರು. ಕೆಲಕಾಲ ಅಟ್ಲಾಂಟಿಕ್ ಸಾಗರದ ಹಡಗುಗಳಲ್ಲಿ ವೈದ್ಯರಾಗಿ ದುಡಿದು, 1881ರಲ್ಲಿ ಆ ಪರೀಕ್ಷೆಯನ್ನೂ ಮುಗಿಸಿ ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾದರು. ಆಯ್ಕೆಯಾದವರ ಪಟ್ಟಿಯಲ್ಲಿ ಅವರ ಸ್ಥಾನ ಕೆಳಗಿನದೇ ಆಗಿತ್ತು.

ಆಯ್ಕೆಯ ನಂತರ ನೆಟ್ಲಿ ಎಂಬಲ್ಲಿನ ಸೇನಾ ವೈದ್ಯಕೀಯ ಶಾಲೆಯಲ್ಲಿ ನಾಲ್ಕು ತಿಂಗಳ ತರಬೇತಿ ಕಡ್ಡಾಯವಾಗಿತ್ತು. ಆ ಶಾಲೆಯಲ್ಲಿ ಅಂದು ಸೇನಾ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ವಿಲಿಯಂ ಕ್ಯಾಂಪ್‌ಬೆಲ್ ಮೆಕ್ಲೀನ್. 1846ರಲ್ಲಿ ಹೈದರಾಬಾದಿನಲ್ಲಿ ನಿಜಾಮರ ಆಶ್ರಯದಲ್ಲಿ ವೈದ್ಯಕೀಯ ಶಾಲೆ ಆರಂಭವಾದಾಗ ಅದರ ಹೊಣೆ ಹೊತ್ತವರೂ ಇವರೇ. ಉರ್ದು ಭಾಷೆಯಲ್ಲಿ ಪಾಠ ಹೇಳುತ್ತಿದ್ದ ಆ ಶಾಲೆಯಿಂದ ಹೊರಬಂದ ವೈದ್ಯರಿಗೆ ಹಕೀಮ್ ಎಂಬ ಪದವಿ ದೊರೆಯುತ್ತಿತ್ತು. ಈ ಭಾಗದ ಜನರಿಗೆ ಪಾಶ್ಚಾತ್ಯ ವೈದ್ಯಪದ್ಧತಿಯ ಪರಿಚಯವಾಗಲು ಆ ಶಾಲೆಯು ಒಂದು ಮುಖ್ಯ ಕಾರಣವಾಯಿತು.

ಬೆಂಗಳೂರಿನ ನೀರಿನ ತೊಟ್ಟಿ

1881ರಲ್ಲಿ ಭಾರತಕ್ಕೆ ಬಂದ ರಾಸ್ ಅವರನ್ನು ಮದ್ರಾಸ್ ಪ್ರಾಂತ್ಯದ ಸೇವೆಗೆ ನಿಯೋಜಿಸಲಾಯಿತು. ಮದ್ರಾಸ್, ಬರ್ಮಾ, ಅಂಡಮಾನ್ ಮುಂತಾದೆಡೆ ಸೇವೆ ಸಲ್ಲಿಸಿದ ಅವರು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯಾಧಿಕಾರಿಯಾಗಿದ್ದರು.

ಬೆಂಗಳೂರಿನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ತಮ್ಮ ಕೋಣೆಯಲ್ಲಿಯೇ ಸೊಳ್ಳೆಗಳು ಹೆಚ್ಚಾಗಿರುವುದನ್ನು ಗಮನಿಸಿದ ರಾಸ್, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯನ್ನು ಪರಿಶೀಲಿಸಿದರು. ತೊಟ್ಟಿಯ ತುಂಬ ಮರಿಹುಳುಗಳಿದ್ದವು. ತೊಟ್ಟಿಯನ್ನು ಬರಿದುಮಾಡಿದ ಕೂಡಲೇ ಸೊಳ್ಳೆಗಳು ಕಡಿಮೆಯಾದವು. ಇದೇ ಕ್ರಮವನ್ನು ಇತರ ಕಡೆಗಳಲ್ಲಿಯೂ ಕೈಗೊಳ್ಳಬಹುದೆಂದು ಅವರು ನೀಡಿದ ಸಲಹೆಗೆ ಮೇಲಿನವರಿಂದ ಮನ್ನಣೆ ದೊರೆಯಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿರಬಹುದೆಂಬ ವಿಚಾರ ಆಗ ರಾಸ್ ಅವರಿಗೂ ಹೊಳೆದಿರಲಿಲ್ಲ.

ಸೇವೆಯ ಮೊದಲ ಏಳು ವರ್ಷಗಳಲ್ಲಿ ಅವರಿಗೆ ಬಿಡುವು ಸಾಕಷ್ಟಿತ್ತು. ಆ ಬಿಡುವನ್ನು ಕಾದಂಬರಿ, ನಾಟಕ ಹಾಗೂ ಪದ್ಯಗಳ ರಚನೆಗೆ ಮತ್ತು ಗಣಿತದ ಅಭ್ಯಾಸಕ್ಕೆ ವಿನಿಯೋಗಿಸಿದರು. ಆದರೆ ಸುತ್ತಲೂ ಜ್ವರದಿಂದ ನರಳುತ್ತಿದ್ದ ಸಿಪಾಯಿಗಳಿಗೆ ಕ್ವಿನೈನ್ ಕೊಡುವುದರ ಹೊರತು ರೋಗದ ಮೂಲದ ಬಗ್ಗೆ ತಮಗೆ ಏನೂ ತಿಳಿಯದೆಂಬ ಅರಿವು ಅವರನ್ನು ಕ್ರಮೇಣ ಕಾಡತೊಡಗಿತು.

ಮರಳಿ ವಿದ್ಯಾರ್ಥಿಯಾಗಿ

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದ ರಾಸ್, ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಪ್ರೊಫೆಸರ್ ಕ್ಲೈನ್ ಅವರ ಬಳಿ ಸೂಕ್ಷ್ಮಜೀವಿಶಾಸ್ತ್ರವನ್ನು ಮತ್ತು ಸೂಕ್ಷ್ಮದರ್ಶಕದ ಬಳಕೆಯನ್ನು ಕಲಿತರು. 1889ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾಗಿ ಭಾರತಕ್ಕೆ ಮರಳಿದರು.

ಈ ತರಬೇತಿಯಿಂದಲೂ ಮುಖ್ಯವಾದ ಕೊರತೆಯೊಂದು ತುಂಬಲಿಲ್ಲ. ಫ್ರಾನ್ಸಿನ ಸೇನಾ ವೈದ್ಯರಾದ ಅಲ್ಫೋನ್ಸ್ ಲವೆರಾನ್ ಅವರು 1880ರಲ್ಲಿಯೇ ಅಲ್ಜೀರಿಯಾದಲ್ಲಿ ಜ್ವರಪೀಡಿತರ ರಕ್ತದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡಿದ್ದರು. ಭಾರತದ ಬಹುತೇಕ ವೈದ್ಯರಿಗೆ ಅದನ್ನು ಗುರುತಿಸಲು ಬರುತ್ತಿರಲಿಲ್ಲ. ಗುರುತಿಸುವುದನ್ನು ಹೇಳಿಕೊಡುವವರೂ ಇರಲಿಲ್ಲ. ರಾಸ್ ಅವರೂ ಎಷ್ಟೋ ರಕ್ತದ ಲೇಪಗಳನ್ನು ಪರೀಕ್ಷಿಸಿ, ಏನೂ ಕಾಣದೆ, ಅಂತಹ ರೋಗಾಣುವೇ ಇಲ್ಲವೆಂದು ಲೇಖನಗಳನ್ನು ಪ್ರಕಟಿಸಿದರು. ಜ್ವರದ ಮೂಲವು ಕರುಳಿನ ದೋಷದಲ್ಲಿದೆ ಎಂಬುದು ಅವರ ಅಂದಿನ ನಂಬಿಕೆಯಾಗಿತ್ತು.

1894ರಲ್ಲಿ ಎರಡನೆಯ ಬಾರಿ ರಜೆಯಲ್ಲಿ ಲಂಡನ್ನಿಗೆ ಹೋದಾಗ ಅವರು ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು ಕಂಡರು. ಚೀನಾದಲ್ಲಿ ಬಹುಕಾಲ ವೈದ್ಯರಾಗಿದ್ದ ಮ್ಯಾನ್ಸನ್, ಆನೆಕಾಲು ರೋಗದ ಹುಳುಗಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತವೆಂಬುದನ್ನು 1870ರ ದಶಕದಲ್ಲಿಯೇ ತೋರಿಸಿದ್ದರು. ಅವರು ರಾಸ್ ಅವರೊಂದಿಗೆ ವಾದಕ್ಕಿಳಿಯದೆ, ಮಲೇರಿಯಾ ರೋಗಿಯ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಲವೆರಾನ್ ವರ್ಣಿಸಿದ ರೋಗಾಣುವನ್ನು ಪ್ರತ್ಯಕ್ಷವಾಗಿ ತೋರಿಸಿದರು. ಹದಿಮೂರು ವರ್ಷಗಳ ಸೇವೆಯಲ್ಲಿ ಕಾಣದಿದ್ದುದು ಸರಿಯಾದ ಬೋಧಕರ ಮುಂದೆ ಕಂಡಿತು. ತಮ್ಮ ಹಿಂದಿನ ಅಭಿಪ್ರಾಯ ತಪ್ಪೆಂದು ರಾಸ್ ಒಪ್ಪಿಕೊಂಡರು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿರಬೇಕೆಂಬ ಮ್ಯಾನ್ಸನ್ ಅವರ ಊಹೆಯನ್ನು ಪರೀಕ್ಷಿಸುವ ಕೆಲಸವನ್ನು ಕೈಗೆತ್ತಿಕೊಂಡರು.

ಸಿಕಂದರಾಬಾದಿನ ಮೊದಲ ಪ್ರಯತ್ನ

1895ರ ವಸಂತದಲ್ಲಿ ಭಾರತಕ್ಕೆ ಹಿಂದಿರುಗಿದ ರಾಸ್ ಸಿಕಂದರಾಬಾದಿನಲ್ಲಿದ್ದ ಮದ್ರಾಸ್ ಪದಾತಿ ದಳವೊಂದರ ವೈದ್ಯಾಧಿಕಾರಿಯಾದರು. ರೋಗಿಗಳ ಒಪ್ಪಿಗೆ ಪಡೆದು ಹಣ ಕೊಟ್ಟು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ನಿತ್ಯದ ಕೆಲಸವಾಯಿತು.

ಇಲ್ಲಿ ಎರಡು ಅಡ್ಡಿಗಳು ಎದುರಾದವು. ಮೊದಲನೆಯದು ಗುರುವಿನ ತಪ್ಪು. ಸೊಳ್ಳೆಯು ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಂದು ಮ್ಯಾನ್ಸನ್ ಊಹಿಸಿದ್ದರು. ಆ ಊಹೆಯ ಮೇಲೆ ನಡೆಸಿದ ಪ್ರಯೋಗಗಳು ಫಲ ನೀಡಲಿಲ್ಲ. ಎರಡನೆಯದು ರಾಸ್ ಅವರದೇ ಕೊರತೆ. ಕೀಟಶಾಸ್ತ್ರದಲ್ಲಿ ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ಸೊಳ್ಳೆಗಳ ಬಗೆಗಿನ ಗ್ರಂಥಗಳೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಬೂದು ಬಣ್ಣದವು, ಪಟ್ಟೆಯವು ಎಂದು ಬಣ್ಣದ ಮೇಲೆ ವಿಂಗಡಿಸಿಕೊಂಡು ಅವರು ಎರಡು ವರ್ಷ ಪರೀಕ್ಷಿಸಿದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು.

ಆ ಸಮಯದಲ್ಲಿ ಹೈದರಾಬಾದಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದವರು ರೆಸಿಡೆನ್ಸಿಯ ಶಸ್ತ್ರವೈದ್ಯ ಎಡ್ವರ್ಡ್ ಲಾರಿ. ಅವರು ಸಮರ್ಥ ಶಸ್ತ್ರವೈದ್ಯರು. ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಬಳಕೆಯ ಬಗ್ಗೆ 1888 ಮತ್ತು 1889ರಲ್ಲಿ ಆರನೆಯ ನಿಜಾಮರ ಧನಸಹಾಯದಿಂದ ಹೈದರಾಬಾದಿನಲ್ಲಿ ಎರಡು ಆಯೋಗಗಳು ನಡೆಯಲು ಅವರೇ ಕಾರಣರು. ಅವರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತು, ಅಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅರಿವಳಿಕೆ ತಜ್ಞೆಯಾಗಿ ಹೆಸರಾದರು. ಇಷ್ಟಾದರೂ ಲಾರಿ ಅವರು ಮಲೇರಿಯಾದ ರೋಗಾಣು ಇದೆ ಎಂಬುದನ್ನು ಬಹಿರಂಗವಾಗಿ ಅಲ್ಲಗಳೆದರು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನು ನಿಲ್ಲಿಸುವುದಿಲ್ಲವೆಂಬ ಅವರ ದೃಢ ಬೋಧನೆಯೂ ಮುಂದೆ, 1911ರ ಸುಮಾರಿಗೆ ಲೆವಿ ಅವರ ಪ್ರಯೋಗಗಳಿಂದ, ಪೂರ್ಣ ಸತ್ಯವಲ್ಲವೆಂದು ತಿಳಿದುಬಂತು. ಸಾಮಾನ್ಯ ವೈದ್ಯರೊಬ್ಬರ ತಪ್ಪು ಅವರ ರೋಗಿಗಳ ಮಟ್ಟಿಗೆ ನಿಲ್ಲುತ್ತದೆ. ಬೋಧಕರ ತಪ್ಪು ಅವರ ಶಿಷ್ಯರ ಮೂಲಕ ಊರೂರಿಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ನೈರ್ಮಲ್ಯ ಕಾರ್ಯ

1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡ ಕಾರಣ ರಾಸ್ ಅವರನ್ನು ಅಲ್ಲಿಗೆ ವಿಶೇಷ ಕರ್ತವ್ಯದ ಮೇಲೆ ಕಳುಹಿಸಲಾಯಿತು. 1897ರವರೆಗೆ ಅವರು ಅಲ್ಲಿನ ಬಾವಿಗಳು, ಚರಂಡಿಗಳು, ಕಸ ವಿಲೇವಾರಿ ಮತ್ತು ನೀರು ಸರಬರಾಜನ್ನು ಪರಿಶೀಲಿಸಿ ನೈರ್ಮಲ್ಯದ ಬಗ್ಗೆ ವರದಿ ಸಲ್ಲಿಸಿದರು. ಕಿರಿದಾದ ಓಣಿಗಳಲ್ಲಿ ಓಡಾಡಿ ಮನೆಮನೆಯ ಸ್ಥಿತಿಯನ್ನು ಕಣ್ಣಾರೆ ಕಂಡದ್ದು ಅವರ ಪಾಲಿಗೆ ಇನ್ನೊಂದು ಪಾಠವಾಯಿತು. ರೋಗ ಬಂದ ಮೇಲೆ ಔಷಧ ಕೊಡುವುದು ವೈದ್ಯರ ಅರ್ಧ ಕೆಲಸವೆಂದೂ, ರೋಗ ಬಾರದಂತೆ ಊರನ್ನು ಇರಿಸುವುದು ಉಳಿದರ್ಧವೆಂದೂ ಅವರು ಮುಂದೆ ಜೀವನವಿಡೀ ಪ್ರತಿಪಾದಿಸಿದರು.

ಈ ಅವಧಿಯಲ್ಲಿ ಮ್ಯಾನ್ಸನ್ ಅವರೊಂದಿಗಿನ ಪತ್ರವ್ಯವಹಾರ ನಿಲ್ಲಲಿಲ್ಲ. 1895ರಿಂದ 1899ರವರೆಗೆ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಹೋಗಿಬಂದವು. ಕಂಡದ್ದನ್ನು ಶಿಷ್ಯರು ಬರೆಯುವುದು, ಗುರುಗಳು ತಿದ್ದುವುದು, ಹೊಸ ಪ್ರಶ್ನೆ ಕೇಳುವುದು ಈ ಪತ್ರಗಳ ರೀತಿ. ಟಪಾಲು ಹಡಗಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದ ಆ ಕಾಲದಲ್ಲಿಯೂ ದೂರಶಿಕ್ಷಣವು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

1897ರ ಬೇಸಿಗೆಯಲ್ಲಿ ಊಟಿಗೆ ಹೋಗಿದ್ದ ರಾಸ್, ಅಲ್ಲಿಂದ ಕೆಳಗಿನ ಸಿಗೂರು ಘಾಟಿಯ ಕಾಡಿನಲ್ಲಿ ಅಧ್ಯಯನ ನಡೆಸುವಾಗ ಸ್ವತಃ ಮಲೇರಿಯಾಕ್ಕೆ ತುತ್ತಾದರು.

1897ರ ಆಗಸ್ಟ್ 20

1897ರ ಜೂನ್ ತಿಂಗಳಲ್ಲಿ ರಾಸ್ ಸಿಕಂದರಾಬಾದಿಗೆ ಮರಳಿದರು. ಬೇಗಂಪೇಟೆಯ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಸೆಖೆ ತಡೆಯಲಾಗುತ್ತಿರಲಿಲ್ಲ. ಪಂಖ ಬೀಸಿದರೆ ಸೀಳಿದ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತಿದ್ದುದರಿಂದ ಅದನ್ನೂ ನಿಲ್ಲಿಸಬೇಕಾಯಿತು. ಅವರ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಮಸೂರವೂ ಬಿರುಕು ಬಿಟ್ಟಿತ್ತು.

ಆಗಸ್ಟ್ ತಿಂಗಳ ಮಧ್ಯದಲ್ಲಿ ಅವರ ಸಹಾಯಕರೊಬ್ಬರು ಬೇರೆ ಬಗೆಯ ಮರಿಹುಳುಗಳನ್ನು ತಂದುಕೊಟ್ಟರು. ಅವುಗಳಿಂದ ಹೊರಬಂದ ಸೊಳ್ಳೆಗಳು ಕಂದು ಬಣ್ಣದವಾಗಿದ್ದು ರೆಕ್ಕೆಗಳ ಮೇಲೆ ಚುಕ್ಕೆಗಳಿದ್ದವು. ಇವೇ ಅನಾಫಿಲಿಸ್ ಜಾತಿಯವು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯು ಈ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಹತ್ತು ಸೊಳ್ಳೆಗಳಿಗೆ ಹತ್ತು ಆಣೆಗಳನ್ನು ಅವರಿಗೆ ಪಾವತಿಸಲಾಯಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ದೊಡ್ಡ ಲಾಭ ದೊರೆತ ಉದಾಹರಣೆಗಳು ವಿರಳ.

ಆಗಸ್ಟ್ 20ರಂದು, ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿ ನೋಡುತ್ತಿದ್ದ ರಾಸ್ ಅವರಿಗೆ ಅದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಆ ಕಪ್ಪು ಕಣಗಳು ಮಲೇರಿಯಾ ರೋಗಾಣುವಿನಲ್ಲಿ ಕಾಣುವಂತಹವೇ ಆಗಿದ್ದವು. ಮರುದಿನ ಮತ್ತೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನಷ್ಟು ದೊಡ್ಡದಾಗಿ ಬೆಳೆದಿದ್ದವು. ಮನುಷ್ಯನ ರಕ್ತದ ರೋಗಾಣು ಸೊಳ್ಳೆಯ ದೇಹದಲ್ಲಿ ಬದುಕಿ ಬೆಳೆಯುತ್ತದೆಂಬುದಕ್ಕೆ ಸಾಕ್ಷ್ಯ ದೊರೆಯಿತು. ಈ ವಿವರಗಳು ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ಆಗಸ್ಟ್ 20ನ್ನು ಇಂದಿಗೂ ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತಿದೆ.

ವರ್ಗಾವಣೆ ಮತ್ತು ಕಲ್ಕತ್ತೆಯ ಕಾರ್ಯ

ಕೆಲಸ ಇನ್ನೇನು ಪೂರ್ಣವಾಗಬೇಕೆನ್ನುವಾಗ, ಒಂದು ತಿಂಗಳ ಅವಧಿಯಲ್ಲಿಯೇ, ರಾಸ್ ಅವರನ್ನು ರಾಜಪುತಾನದ ಖೇರವಾಡ ಎಂಬ ಸ್ಥಳಕ್ಕೆ ವರ್ಗಾಯಿಸಲಾಯಿತು. ಅಲ್ಲಿ ಮಲೇರಿಯಾ ರೋಗಿಗಳೇ ವಿರಳ. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರ ಆರಂಭದಲ್ಲಿ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ವಿಶೇಷ ಕರ್ತವ್ಯಕ್ಕೆ ಅವಕಾಶ ಲಭಿಸಿತು.

ಪ್ಲೇಗಿನ ಭಯದಿಂದಾಗಿ ಕಲ್ಕತ್ತೆಯ ಜನರು ಸೂಜಿ ಚುಚ್ಚಿಸಿಕೊಳ್ಳಲು ಹೆದರುತ್ತಿದ್ದರು. ಆದ್ದರಿಂದ ರಾಸ್ ಹಕ್ಕಿಗಳ ಮಲೇರಿಯಾವನ್ನು ಆರಿಸಿಕೊಂಡರು. ಸಹಾಯಕ ಮೊಹಮ್ಮದ್ ಬಕ್ಷ್ ಅವರ ನೆರವಿನಿಂದ ನಡೆಸಿದ ಪ್ರಯೋಗಗಳಲ್ಲಿ ರೋಗಾಣುವು ಸೊಳ್ಳೆಯ ಜಠರದಿಂದ ಜೊಲ್ಲುಗ್ರಂಥಿಗೆ ಸೇರಿ, ಕಚ್ಚಿದಾಗ ಜೊಲ್ಲಿನೊಂದಿಗೆ ಆರೋಗ್ಯವಂತ ಹಕ್ಕಿಯ ರಕ್ತವನ್ನು ಪ್ರವೇಶಿಸುತ್ತದೆಂಬುದು 1898ರ ಜುಲೈ ತಿಂಗಳಲ್ಲಿ ಸಿದ್ಧವಾಯಿತು. ನೀರು ಕುಡಿಯುವುದರಿಂದ ಜ್ವರ ಬರುತ್ತದೆಂಬ ಗುರುವಿನ ಊಹೆಯನ್ನು ಶಿಷ್ಯರು ತಿದ್ದಿದರು. ಮ್ಯಾನ್ಸನ್ ಅವರು ಅದನ್ನು ಸಂತೋಷದಿಂದ ಒಪ್ಪಿ, ಎಡಿನ್‌ಬರೋದ ವೈದ್ಯರ ಸಭೆಯಲ್ಲಿ ತಾವೇ ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ, ಬಿಗ್ನಾಮಿ ಮತ್ತು ಬಾಸ್ಟಿಯಾನೆಲ್ಲಿ ಅವರು ಮನುಷ್ಯರ ಮಲೇರಿಯಾವು ಅನಾಫಿಲಿಸ್ ಸೊಳ್ಳೆಯಿಂದ ಹರಡುವ ಪೂರ್ಣ ಕ್ರಮವನ್ನು ತೋರಿಸಿದರು.

ಲಿವರ್‌ಪೂಲಿನಲ್ಲಿ ಅಧ್ಯಾಪಕರಾಗಿ

ಇದೇ ಸಮಯದಲ್ಲಿ ಬ್ರಿಟನ್ನಿನಲ್ಲಿ ವೈದ್ಯಕೀಯ ಶಿಕ್ಷಣದ ಒಂದು ದೊಡ್ಡ ಕೊರತೆ ಚರ್ಚೆಗೆ ಬಂದಿತ್ತು. ಭಾರತ, ಆಫ್ರಿಕಾ ಮುಂತಾದ ಉಷ್ಣ ದೇಶಗಳಿಗೆ ನೂರಾರು ವೈದ್ಯರು ಹೋಗುತ್ತಿದ್ದರು. ಆದರೆ ಅವರು ಓದಿದ ಶಾಲೆಗಳಲ್ಲಿ ಆ ದೇಶಗಳ ರೋಗಗಳನ್ನು ಪ್ರತ್ಯೇಕ ವಿಷಯವಾಗಿ ಕಲಿಸುತ್ತಿರಲಿಲ್ಲ. ಕಲಿಸಲು ಬಲ್ಲ ಅಧ್ಯಾಪಕರೂ ಬೆರಳೆಣಿಕೆಯಷ್ಟೇ ಇದ್ದರು. ಮ್ಯಾನ್ಸನ್ ಅವರ ಒತ್ತಾಯದ ಮೇರೆಗೆ ವಸಾಹತು ಸಚಿವ ಜೋಸೆಫ್ ಚೇಂಬರ್ಲೇನ್ ಅವರು 1898ರಲ್ಲಿ ವೈದ್ಯಕೀಯ ಶಾಲೆಗಳಿಗೆ ಸುತ್ತೋಲೆ ಕಳುಹಿಸಿ, ಉಷ್ಣವಲಯದ ರೋಗಗಳ ಬೋಧನೆಗೆ ವ್ಯವಸ್ಥೆ ಮಾಡುವಂತೆ ಕೋರಿದರು. ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು, ಇರುವ ತಿಳಿವಳಿಕೆ ಎಷ್ಟು, ನಡುವಿನ ಅಂತರವೇನು ಎಂದು ಲೆಕ್ಕ ಹಾಕಿದ ಕಾರ್ಯವಿದು. ಇಂದಿನ ಆಡಳಿತ ಭಾಷೆಯಲ್ಲಿ ಇದನ್ನೇ ತರಬೇತಿ ಅಗತ್ಯಗಳ ಮೌಲ್ಯಮಾಪನ ಎಂದು ಕರೆಯಲಾಗುತ್ತದೆ.

ಇದರ ಫಲವಾಗಿ 1899ರಲ್ಲಿ ಎರಡು ಶಾಲೆಗಳು ತೆರೆದವು. ಹಡಗು ವ್ಯಾಪಾರಿ ಆಲ್ಫ್ರೆಡ್ ಜೋನ್ಸ್ ಅವರ ಧನಸಹಾಯದಿಂದ ಲಿವರ್‌ಪೂಲಿನಲ್ಲಿಯೂ, ಮ್ಯಾನ್ಸನ್ ಅವರ ನೇತೃತ್ವದಲ್ಲಿ ಲಂಡನ್ನಿನಲ್ಲಿಯೂ ಉಷ್ಣವಲಯದ ವೈದ್ಯಶಾಸ್ತ್ರದ ಬೋಧನೆ ಆರಂಭವಾಯಿತು. ಭಾರತದ ಸೇವೆಯನ್ನು ಬಿಟ್ಟು ಬಂದ ರಾಸ್, ಲಿವರ್‌ಪೂಲ್ ಶಾಲೆಯ ಮೊದಲ ಬೋಧಕರಾದರು. ವೇತನ ಕಡಿಮೆಯಿತ್ತು. ಆದರೂ ತಮಗೆ ಸಕಾಲದಲ್ಲಿ ಸಿಗದಿದ್ದ ಶಿಕ್ಷಣ ಮುಂದಿನವರಿಗೆ ಸಿಗಬೇಕೆಂಬುದು ಅವರ ಉದ್ದೇಶವಾಗಿತ್ತು.

ಅವರ ಬೋಧನೆಯು ಪ್ರತ್ಯಕ್ಷ ಕಾರ್ಯದಿಂದ ದೂರ ಸರಿಯಲಿಲ್ಲ. 1899ರ ಬೇಸಿಗೆಯಲ್ಲಿಯೇ ಅವರು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ತಂಡದೊಂದಿಗೆ ತೆರಳಿ ಅಲ್ಲಿನ ಮಲೇರಿಯಾ ಸೊಳ್ಳೆಗಳನ್ನು ಪತ್ತೆ ಹಚ್ಚಿದರು. 1902ರಲ್ಲಿ ಈಜಿಪ್ಟಿನ ಇಸ್ಮೇಲಿಯಾ ನಗರದಲ್ಲಿ ನಿಂತ ನೀರನ್ನು ನಿವಾರಿಸುವ ಕಾರ್ಯಕ್ಕೆ ಸಲಹೆ ನೀಡಿದರು. ಅಲ್ಲಿ ಮಲೇರಿಯಾ ಕೆಲವೇ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಬಾಲ್ಯದ ಗಣಿತದ ಒಲವು ಕೂಡ ವ್ಯರ್ಥವಾಗಲಿಲ್ಲ. ಮಾರಿಷಸ್ ದ್ವೀಪದ ಅಧ್ಯಯನದ ನಂತರ 1910ರಲ್ಲಿ ಪ್ರಕಟಿಸಿದ ಮಲೇರಿಯಾ ನಿವಾರಣೆಯ ಗ್ರಂಥದಲ್ಲಿ ಅವರು ಒಂದು ಮುಖ್ಯ ಅಂಶವನ್ನು ಲೆಕ್ಕದ ಮೂಲಕ ತೋರಿಸಿದರು. ಒಂದು ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲುವ ಅಗತ್ಯವಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿ ಕ್ಷೀಣಿಸುತ್ತದೆ ಎಂಬುದು ಆ ಅಂಶ.

ಗೌರವಗಳು ಮತ್ತು ಕೊನೆಯ ದಿನಗಳು

1902ರಲ್ಲಿ ರಾಸ್ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಆ ಪುರಸ್ಕಾರ ಪಡೆದ ಮೊದಲ ಬ್ರಿಟಿಷ್ ಪ್ರಜೆ ಅವರು. 1911ರಲ್ಲಿ ಸರ್ ಪದವಿ ಲಭಿಸಿತು. ಇಷ್ಟು ಗೌರವಗಳ ನಡುವೆಯೂ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಕೀರ್ತಿಯ ಹಂಚಿಕೆಯ ವಿಷಯದಲ್ಲಿ ಗ್ರಾಸಿ ಅವರೊಂದಿಗೆ ದೀರ್ಘಕಾಲ ಕಟುವಾದ ವಾಗ್ವಾದ ನಡೆಯಿತು. ಗುರುಗಳಾದ ಮ್ಯಾನ್ಸನ್ ಅವರೊಂದಿಗೂ ಸಂಬಂಧ ಕೆಟ್ಟಿತು. ಸಿಡುಬಿನ ಲಸಿಕೆಗಾಗಿ ಎಡ್ವರ್ಡ್ ಜೆನ್ನರ್ ಅವರಿಗೆ ಸಂಸತ್ತು ಹಣ ನೀಡಿದ್ದಂತೆ ತಮಗೂ ನೀಡಬೇಕೆಂದು ಸಲ್ಲಿಸಿದ ಮನವಿಯು ತಿರಸ್ಕೃತವಾಯಿತು. ದೊಡ್ಡವರ ಜೀವನದಲ್ಲಿ ಇಂತಹ ಸಣ್ಣತನಗಳೂ ಇರುತ್ತವೆಂಬುದನ್ನು ಮರೆಮಾಚುವ ಅಗತ್ಯವಿಲ್ಲ.

ಲಿವರ್‌ಪೂಲನ್ನು ಬಿಟ್ಟು ಲಂಡನ್ನಿಗೆ ಬಂದ ನಂತರ ಅವರು ಅಲ್ಲಿ ವೈದ್ಯವೃತ್ತಿಯನ್ನು ಮುಂದುವರಿಸಿದರು. ಆತ್ಮಚರಿತ್ರೆಯು 1923ರಲ್ಲಿ ಪ್ರಕಟವಾಯಿತು. 1926ರಲ್ಲಿ ಅವರ ಹೆಸರಿನಲ್ಲಿ ಸಂಸ್ಥೆಯೊಂದು ಲಂಡನ್ನಿನಲ್ಲಿ ಆರಂಭವಾಗಿ, ಅವರೇ ಅದರ ಮುಖ್ಯ ನಿರ್ದೇಶಕರಾದರು. 1931ರಲ್ಲಿ ಪತ್ನಿ ರೋಸಾ ನಿಧನರಾದರು. 1932ರ ಸೆಪ್ಟೆಂಬರ್ 16ರಂದು ಸರ್ ರೊನಾಲ್ಡ್ ರಾಸ್ ತಮ್ಮ 75ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಬೋಧಕರ ತರಬೇತಿಗೆ ಈ ಜೀವನದಿಂದ ದೊರೆಯುವ ಪಾಠ

ರಾಸ್ ಅವರ ಜೀವನವನ್ನು ಜಮಾ-ಖರ್ಚಿನ ರೀತಿಯಲ್ಲಿ ಬರೆದರೆ ಕೆಳಕಂಡ ಅಂಶಗಳು ಸ್ಪಷ್ಟವಾಗುತ್ತವೆ.

1. ಪದವಿಯು ಕಲಿಕೆಯ ಆರಂಭ ಮಾತ್ರ. 1881ರ ಪದವಿಯಿಂದ ದೊರೆಯದ ವಿದ್ಯೆಯನ್ನು ಅವರು 1888 ಮತ್ತು 1894ರ ರಜೆಗಳಲ್ಲಿ ಪಡೆದರು.

2. ಓದಿ ತಿಳಿಯುವ ವಿಷಯಗಳು ಬೇರೆ, ನೋಡಿ ಮಾಡಿ ಕಲಿಯುವ ಕೌಶಲಗಳು ಬೇರೆ. ರೋಗಾಣುವನ್ನು ಗುರುತಿಸುವುದು ಎರಡನೆಯ ಬಗೆಯದು. ಅದಕ್ಕೆ ಪಕ್ಕದಲ್ಲಿ ನಿಂತು ತೋರಿಸುವ ಬೋಧಕರು ಬೇಕು.

3. ಕೊರತೆಯನ್ನು ಗುರುತಿಸದಿದ್ದರೆ ಶ್ರಮವು ನಷ್ಟವಾಗುತ್ತದೆ. ಸೊಳ್ಳೆಗಳ ಜಾತಿ ತಿಳಿಯದಿದ್ದ ಕಾರಣ ಎರಡು ವರ್ಷಗಳು ಕಳೆದವು.

4. ಬೋಧಕರು ತಮ್ಮ ತಪ್ಪನ್ನು ಒಪ್ಪಲು ಸಿದ್ಧರಿರಬೇಕು. ಮ್ಯಾನ್ಸನ್ ಮತ್ತು ರಾಸ್ ಇಬ್ಬರೂ ಒಪ್ಪಿದ್ದರಿಂದ ವಿದ್ಯೆ ಬೆಳೆಯಿತು.

ಭಾರತದಲ್ಲಿ ಬಹುಕಾಲ ಉತ್ತಮ ವೈದ್ಯರು ಸಹಜವಾಗಿ ಉತ್ತಮ ಅಧ್ಯಾಪಕರೂ ಆಗುತ್ತಾರೆಂದು ಭಾವಿಸಲಾಗಿತ್ತು. 1970ರ ದಶಕದಲ್ಲಿ ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ವೈದ್ಯಕೀಯ ಬೋಧಕರ ರಾಷ್ಟ್ರೀಯ ತರಬೇತಿ ಕೇಂದ್ರ ಆರಂಭವಾದ ನಂತರ ಈ ಭಾವನೆ ಬದಲಾಗತೊಡಗಿತು. 1997ರ ನಿಯಮಗಳ ಮೂಲಕ ಭಾರತೀಯ ವೈದ್ಯಕೀಯ ಮಂಡಳಿಯು ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕಗಳಿಗೆ ಅವಕಾಶ ಕಲ್ಪಿಸಿತು. 2020ರಲ್ಲಿ ಆ ಮಂಡಳಿಯ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಸ್ತಿತ್ವಕ್ಕೆ ಬಂದಿದ್ದು, ಬೋಧಕರಿಗೆ ಬೋಧನಾ ವಿಧಾನದ ಮೂಲ ತರಬೇತಿಯು ಅದರ ನಿಯಮಗಳಲ್ಲಿ ಸೇರಿದೆ. ತರಬೇತಿ ನಿಗದಿಪಡಿಸುವ ಮೊದಲು ಬೋಧಕರ ಸ್ವಂತ ಅಭಿಪ್ರಾಯ, ವಿದ್ಯಾರ್ಥಿಗಳ ಹಿಮ್ಮಾಹಿತಿ, ಸಹೋದ್ಯೋಗಿಗಳ ತರಗತಿ ವೀಕ್ಷಣೆ ಹಾಗೂ ಪರೀಕ್ಷಾ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸುವುದು ಸೂಕ್ತ ಕ್ರಮ. ಬೋಧಕರು ತಮಗೆ ಬೇಕೆನ್ನುವ ತರಬೇತಿಯೂ ವಾಸ್ತವವಾಗಿ ಬೇಕಾದ ತರಬೇತಿಯೂ ಒಂದೇ ಆಗಿರಬೇಕೆಂದಿಲ್ಲ. 1893ರಲ್ಲಿ ರಾಸ್ ಅವರನ್ನು ಕೇಳಿದ್ದರೆ, ಇಲ್ಲವೆಂದು ತಾವು ನಂಬಿದ್ದ ರೋಗಾಣುವನ್ನು ನೋಡಲು ಕಲಿಯಬೇಕೆಂದು ಅವರು ಹೇಳುತ್ತಿರಲಿಲ್ಲ.

ಈ ಭಾಗಕ್ಕೆ ಸಂಬಂಧಿಸಿದಂತೆ

ಗುಲ್ಬರ್ಗಾದಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುವವರೆಗೆ ಈ ಭಾಗದ ವಿದ್ಯಾರ್ಥಿಗಳು ವೈದ್ಯಶಾಸ್ತ್ರದ ಓದಿಗೆ ಹೈದರಾಬಾದ್ ಮೊದಲಾದ ದೂರದ ನಗರಗಳಿಗೆ ಹೋಗಬೇಕಿತ್ತು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2022–23ರಲ್ಲಿ ಯಾದಗಿರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಹೊಸ ಕಾಲೇಜಿನಲ್ಲಿ ಕಟ್ಟಡ ಮತ್ತು ಉಪಕರಣಗಳು ಎಷ್ಟು ಮುಖ್ಯವೋ ಬೋಧಕರ ನಿರಂತರ ಕಲಿಕೆಯೂ ಅಷ್ಟೇ ಮುಖ್ಯ. ಅವರು ಇಂದು ಕಲಿಸುವುದನ್ನು ನಾಳೆ ಶಹಾಪುರದ ಆಸ್ಪತ್ರೆಯಲ್ಲಿ, ಸುರಪುರದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರೋಗಿಗಳು ಅನುಭವಿಸುತ್ತಾರೆ.

ನಾರಾಯಣಪುರ ಜಲಾಶಯದ ಕಾಲುವೆಗಳಿಂದ ಸುರಪುರ ಮತ್ತು ಶಹಾಪುರ ತಾಲ್ಲೂಕುಗಳ ಹೊಲಗಳಿಗೆ ನೀರು ಬಂದು ಭತ್ತದ ಬೆಳೆ ಹೆಚ್ಚಿದೆ. ಬೆಳೆಗೆ ನಿಂತ ನೀರು ಸೊಳ್ಳೆಗೂ ಆಶ್ರಯವಾಗಬಲ್ಲದು. ಬೆಂಗಳೂರಿನ ತೊಟ್ಟಿಯ ಪಾಠವನ್ನು ಪ್ರತಿ ಮನೆಯವರೂ ಪಾಲಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ

1. ಚಳಿ, ನಡುಕದೊಂದಿಗೆ ಜ್ವರ ಬಂದಲ್ಲಿ ವಿಳಂಬ ಮಾಡದೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಈ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿರುತ್ತದೆ.

2. ಮಲೇರಿಯಾ ಎಂದು ಖಚಿತವಾದಲ್ಲಿ ವೈದ್ಯರು ಸೂಚಿಸಿದ ಮಾತ್ರೆಗಳನ್ನು ಜ್ವರ ಇಳಿದ ಮೇಲೂ ಪೂರ್ಣ ಅವಧಿಗೆ ಸೇವಿಸತಕ್ಕದ್ದು.

3. ತೊಟ್ಟಿ, ಹಗೇವು, ಡ್ರಮ್ ಮುಂತಾದವುಗಳ ನೀರನ್ನು ವಾರಕ್ಕೊಮ್ಮೆ ಬರಿದುಮಾಡಿ, ಒಣಗಿಸಿ, ಮುಚ್ಚಳವಿಟ್ಟು ಬಳಸುವುದು. ಮಲಗುವಾಗ ಸೊಳ್ಳೆ ಪರದೆ ಉಪಯೋಗಿಸುವುದು.

4. ರಕ್ತದ ಲೇಪನ ಸಂಗ್ರಹಿಸಲು ಮನೆಗೆ ಬರುವ ಆರೋಗ್ಯ ಸಿಬ್ಬಂದಿ ಹಾಗೂ ಆಶಾ ಕಾರ್ಯಕರ್ತೆಯರೊಂದಿಗೆ ಸಹಕರಿಸುವುದು. ಹತ್ತು ಆಣೆ ಪಡೆದು ಸೊಳ್ಳೆಗಳಿಗೆ ಕೈಯೊಡ್ಡಿದ ಹುಸೇನ್ ಖಾನ್ ಅವರ ಸಹಕಾರವಿಲ್ಲದಿದ್ದರೆ 1897ರ ಆ ಶೋಧನೆಯು ಅಂದು ನಡೆಯುತ್ತಿರಲಿಲ್ಲವೆಂಬುದನ್ನು ಸಾರ್ವಜನಿಕರು ನೆನಪಿನಲ್ಲಿಡಲು ಕೋರಲಾಗಿದೆ.